ಡೀನ್ ಕುರ್ಚಿಗೆ ಎಷ್ಟು ಮೆಟ್ಟಿಲು?

ಮೆಡಿಕಲ್ ಕಾಲೇಜು ಆಸ್ಪತ್ರೆಗಳನ್ನು ನಡೆಸುವವರು ಎಲ್ಲಿಂದ ಬರುತ್ತಾರೆ, ಏನು ಓದಿರುತ್ತಾರೆ, ಆ ಕುರ್ಚಿಗೆ ಹೇಗೆ ತಲುಪುತ್ತಾರೆ? ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಮ್ಮೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ನಿರ್ದೇಶಕರು, ಡೀನ್, ವೈದ್ಯಕೀಯ ಅಧೀಕ್ಷಕರು, ಮುಖ್ಯ ಆಡಳಿತಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕರು ಅಂತ ಐದು ಕೊಠಡಿ, ಐದು ಫಲಕ. ಇವರಲ್ಲಿ ಯಾರು ಮೇಲೆ, ಯಾರು ಕೆಳಗೆ? ಎಲ್ಲರೂ ಡಾಕ್ಟರೇನಾ? (ಎಸ್.ಕೆ., ಹಾಸನ)

ಉತ್ತರ: ನಾಲ್ವರು ಡಾಕ್ಟರು, ಮುಖ್ಯ ಆಡಳಿತಾಧಿಕಾರಿ ಮಾತ್ರ ಅಲ್ಲ. ಅವರು ಸಾಮಾನ್ಯವಾಗಿ ಕೆಎಎಸ್ ಅಧಿಕಾರಿ. ಮೊನ್ನೆಯವರೆಗೆ ತಹಸೀಲ್ದಾರರೋ ಉಪವಿಭಾಗಾಧಿಕಾರಿಯೋ ಆಗಿದ್ದು ಇಲ್ಲಿಗೆ ವರ್ಗವಾಗಿ ಬಂದಿರುತ್ತಾರೆ, ಎರಡು ವರ್ಷಕ್ಕೆ ಇನ್ನೆಲ್ಲಿಗೋ ಹೋಗುತ್ತಾರೆ. ಲೆಕ್ಕಪತ್ರ ನೋಡುವವರು ರಾಜ್ಯ ಲೆಕ್ಕಪತ್ರ ಇಲಾಖೆಯಿಂದ ಬರುತ್ತಾರೆ.

ರಾಜ್ಯದ ಸರ್ಕಾರಿ ಮೆಡಿಕಲ್ ಕಾಲೇಜುಗಳು ಬಹುತೇಕ ಈಗ ಸ್ವಾಯತ್ತ ಸಂಸ್ಥೆಗಳು. ಮೇಲೆ ಒಂದು ಆಡಳಿತ ಮಂಡಳಿ, ಅದಕ್ಕೆ ವೈದ್ಯಕೀಯ ಶಿಕ್ಷಣ ಸಚಿವರು ಅಧ್ಯಕ್ಷರು. ನಿರ್ದೇಶಕರು ಅದರ ಸದಸ್ಯ ಕಾರ್ಯದರ್ಶಿ, ಸಂಸ್ಥೆಗೂ ಅವರೇ ಮುಖ್ಯಸ್ಥರು. ಪಾಠ, ಪರೀಕ್ಷೆ, ಅಧ್ಯಾಪಕರ ಹಾಜರಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ತಪಾಸಣೆ ಡೀನ್ ಪಾಲಿಗೆ. ಹಾಸಿಗೆ, ಔಷಧ, ಶಸ್ತ್ರಚಿಕಿತ್ಸಾ ಕೊಠಡಿ, ಶವಾಗಾರದವರೆಗೆ ಆಸ್ಪತ್ರೆ ಅಧೀಕ್ಷಕರ ಪಾಲಿಗೆ. ಎಷ್ಟೋ ಕಡೆ ನಿರ್ದೇಶಕ ಮತ್ತು ಡೀನ್ ಎರಡೂ ಒಬ್ಬರೇ.

ಜಿಲ್ಲಾ ಶಸ್ತ್ರಚಿಕಿತ್ಸಕರದ್ದು ಬೇರೆ ಸಾಲು. ಅವರು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವರು, ಉಳಿದವರು ವೈದ್ಯಕೀಯ ಶಿಕ್ಷಣ ಇಲಾಖೆಯವರು. ಹಳೆಯ ಜಿಲ್ಲಾಸ್ಪತ್ರೆಯನ್ನು ಹೊಸ ಕಾಲೇಜಿಗೆ ಸೇರಿಸಿದಲ್ಲೆಲ್ಲ ಈ ಎರಡು ಇಲಾಖೆಗಳ ಹೊಲಿಗೆ ಕಣ್ಣಿಗೆ ಕಾಣುತ್ತದೆ. ಒಂದೇ ವಾರ್ಡಿನಲ್ಲಿ ಇಬ್ಬರು ನರ್ಸ್‌ಗಳಿಗೆ ಎರಡು ಕಡೆಯಿಂದ ಸಂಬಳ, ರಜೆ ಮಂಜೂರು ಮಾಡಲು ಇಬ್ಬರು ಅಧಿಕಾರಿಗಳು. ಅಂದಹಾಗೆ, ಜಿಲ್ಲಾ ಶಸ್ತ್ರಚಿಕಿತ್ಸಕರು ಸರ್ಜನ್ನೇ ಆಗಿರಬೇಕಿಲ್ಲ. ಬ್ರಿಟಿಷರ ಕಾಲದ 'ಸಿವಿಲ್ ಸರ್ಜನ್' ಎಂಬ ಹೆಸರು ಹಾಗೇ ಉಳಿದುಕೊಂಡಿದೆ, ಮಕ್ಕಳ ತಜ್ಞರೂ ಆ ಹುದ್ದೆಯಲ್ಲಿ ಇರಬಹುದು.

ಖಾಸಗಿಯಲ್ಲಿ ಇದೇ ಪದಗಳಿಗೆ ಅರ್ಥ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಇಡೀ ಸಂಸ್ಥೆಯ ನಿರ್ದೇಶಕರು ಕ್ರೈಸ್ತ ಪಾದ್ರಿ, ಡೀನ್ ಮತ್ತು ಅಧೀಕ್ಷಕರು ವೈದ್ಯರು. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಡೀನ್ ಮೇಲೆ ಕುಲಪತಿ ಇರುತ್ತಾರೆ. ಹಾಗಾಗಿ ಬರೀ 'ಡೈರೆಕ್ಟರ್' ಅಂತ ಕೇಳಿ ಯಾರೆಂದು ಅಂದಾಜು ಕಟ್ಟಬೇಡಿ, ಯಾವ ಸಂಸ್ಥೆ ಅಂತಲೂ ಕೇಳಿ.

ಪ್ರಶ್ನೆ: ಮಗಳು ಈ ವರ್ಷ ಎಂಬಿಬಿಎಸ್ ಸೇರಿದ್ದಾಳೆ. ಡೀನ್ ಆಗಬೇಕೆಂಬ ಆಸೆ ಈಗಲೇ! ಕನಿಷ್ಠ ಎಷ್ಟು ವರ್ಷ ಬೇಕು? ಸೂಪರ್ ಸ್ಪೆಷಾಲಿಟಿ ಮಾಡಿದರೆ ಬೇಗ ಆಗುತ್ತದೆಯೇ? (ವೈ.ಜಿ., ಶಿವಮೊಗ್ಗ)

ಉತ್ತರ: ಲೆಕ್ಕ ಹಾಕಿ ನೋಡೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಅಲ್ಲಿಗೆ ಐದೂವರೆ. ಎಂಡಿ ಅಥವಾ ಎಂಎಸ್ ಮೂರು. ಸ್ನಾತಕೋತ್ತರ ಪದವಿ ಮುಗಿಸಿದವರು ಆಸ್ಪತ್ರೆಯಲ್ಲಿ ಮಾಡುವ ಸೀನಿಯರ್ ರೆಸಿಡೆಂಟ್ ಹುದ್ದೆಯಲ್ಲಿ ಒಂದು. ಸಹಾಯಕ ಪ್ರಾಧ್ಯಾಪಕಿಯಾಗಿ ನಾಲ್ಕು, ಸಹ ಪ್ರಾಧ್ಯಾಪಕಿಯಾಗಿ ಮೂರು, ಆಮೇಲೆ ಪ್ರಾಧ್ಯಾಪಕಿ.

ಡೀನ್ ಹುದ್ದೆಗೆ ಸ್ನಾತಕೋತ್ತರ ವೈದ್ಯ ಪದವಿಯ ಜೊತೆಗೆ ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕ ಹುದ್ದೆಗಳಲ್ಲಿ ಒಟ್ಟು 10 ವರ್ಷ, ಅದರಲ್ಲಿ ಕನಿಷ್ಠ 5 ವರ್ಷ ಪ್ರಾಧ್ಯಾಪಕರಾಗಿ ಕೆಲಸ ಮಾಡಿರಬೇಕು. ಎಲ್ಲರೂ ಎಡವುವುದು ಇಲ್ಲೇ. 'ಪ್ರೊಫೆಸರ್ ಆಗಿ ಐದು ವರ್ಷ ಆಯ್ತಲ್ಲ' ಎಂದು ಅರ್ಜಿ ಹಾಕುತ್ತಾರೆ. ಮೂರೇ ವರ್ಷಕ್ಕೆ ಸಹ ಪ್ರಾಧ್ಯಾಪಕ ಹುದ್ದೆ ದಾಟಿದವರಿಗೆ ಮೂರು ಕೂಡಿಸು ಐದು ಎಂಟೇ ಆಗುತ್ತದೆ, ಇನ್ನೂ ಎರಡು ಕಡಿಮೆ. ಅಂದರೆ ಬೇಗ ಬಡ್ತಿ ಪಡೆದವರು ಪ್ರಾಧ್ಯಾಪಕರಾಗಿ ಏಳು ವರ್ಷ ಕಾಯಬೇಕು. ಒಟ್ಟು ಇಪ್ಪತ್ತಮೂರೂವರೆ ವರ್ಷ. ಹದಿನೆಂಟಕ್ಕೆ ಸೇರಿದವರಿಗೆ ಆಗ ನಲವತ್ತೊಂದೂವರೆ.

ಸೂಪರ್ ಸ್ಪೆಷಾಲಿಟಿಗೆ ಹೋದರೆ ಡಿಎಂ ಅಥವಾ ಎಂಸಿಎಚ್‌ಗೆ ಮೂರು ವರ್ಷ ಹೆಚ್ಚು. ಆದರೆ ಸಹಾಯಕ ಪ್ರಾಧ್ಯಾಪಕರಾಗಿ ಅಲ್ಲಿ ಎರಡೇ ವರ್ಷ ಸಾಕು, ಸೀನಿಯರ್ ರೆಸಿಡೆಂಟ್ ವರ್ಷವೂ ಬೇಕಿಲ್ಲ. ಕೂಡಿ ನೋಡಿ: ಐದೂವರೆ, ಮೂರು, ಮೂರು, ಎರಡು, ಮೂರು, ಏಳು. ಮತ್ತೆ ಅದೇ ಇಪ್ಪತ್ತಮೂರೂವರೆ! ಬೇಗವೂ ಇಲ್ಲ, ತಡವೂ ಇಲ್ಲ.

ಇದು ಕಾಗದದ ಮೇಲಿನ ಕನಿಷ್ಠ. ಸರ್ಕಾರಿ ಕಾಲೇಜುಗಳಲ್ಲಿ ಡೀನ್ ಆಗುವವರು ಬಹುಪಾಲು ಐವತ್ತು ದಾಟಿದವರೇ. ಪೀಜಿ ಸೀಟಿಗೆ ಒಂದೆರಡು ವರ್ಷ ಕಾಯುವುದು, ಮೇಲಿನ ಹುದ್ದೆ ಖಾಲಿಯಾಗದಿರುವುದು, ಸೇವಾ ಹಿರಿತನದ ತಕರಾರು, ಎಲ್ಲ ಸೇರಿ ಹತ್ತು ವರ್ಷ ತಿನ್ನುತ್ತವೆ. ಇವುಗಳ ಮೇಲೆ ಮಗಳಿಗೆ ಹಿಡಿತವಿಲ್ಲ. ಅವಳ ಕೈಯಲ್ಲಿರುವುದನ್ನು ಹೇಳುತ್ತೇವೆ. ಪ್ರತಿ ಬಡ್ತಿಗೆ ಸಂಶೋಧನಾ ಲೇಖನ ಬೇಕು, ಮೊದಲ ಬಡ್ತಿಗೆ ಎರಡು. ಎನ್‌ಎಂಸಿ ಹೇಳಿದ ಪತ್ರಿಕಾ ಸೂಚಿಗಳಲ್ಲಿ (ಇಂಡೆಕ್ಸ್) ಇರುವ ಪತ್ರಿಕೆಯೇ ಆಗಬೇಕು, ಲೇಖಕರ ಸಾಲಿನಲ್ಲಿ ಮೊದಲ ಮೂವರಲ್ಲಿ ಒಬ್ಬರೋ ಪತ್ರಿಕೆಯೊಡನೆ ಪತ್ರವ್ಯವಹಾರ ನಡೆಸುವ ಲೇಖಕರೋ (ಕರೆಸ್ಪಾಂಡಿಂಗ್ ಆಥರ್) ಆಗಿರಬೇಕು. ಒಬ್ಬನೇ ರೋಗಿಯ ಬಗ್ಗೆ ಬರೆದ ಕೇಸ್ ರಿಪೋರ್ಟ್ ಲೆಕ್ಕಕ್ಕಿಲ್ಲ. ವೈದ್ಯಕೀಯ ಶಿಕ್ಷಣ ತಂತ್ರಜ್ಞಾನದ ಮೂಲ ಕೋರ್ಸು ಮತ್ತು ಸಂಶೋಧನಾ ವಿಧಾನದ ಮೂಲ ಕೋರ್ಸು ಎರಡೂ ಮುಗಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಬಿಟ್ಟ ಪ್ರತಿ ಕಾಲೇಜಿನಿಂದಲೂ ದಿನಾಂಕ ಸಮೇತ ರಿಲೀವಿಂಗ್ ಆರ್ಡರ್ ಪಡೆದಿಟ್ಟುಕೊಳ್ಳಲಿ. ಇಪ್ಪತ್ತು ವರ್ಷದ ಬಳಿಕ ಅರ್ಜಿ ತಿರಸ್ಕೃತವಾಗುವುದು ಪಾಂಡಿತ್ಯ ಸಾಲದೆ ಅಲ್ಲ. ಹಳೆಯ ಕಾಲೇಜು ಬಿಟ್ಟ ದಿನ ಮತ್ತು ಹೊಸದಕ್ಕೆ ಸೇರಿದ ದಿನದ ನಡುವೆ ಮೂರು ತಿಂಗಳಿಗೆ ದಾಖಲೆ ಇರುವುದಿಲ್ಲ, ಅಥವಾ ಎರಡೂ ಕಡೆ ಒಂದೇ ತಿಂಗಳು ಕಾಣಿಸುತ್ತದೆ. ಎರಡನೆಯದಂತೂ ಅಪಾಯ, ಒಂದೇ ವೇಳೆಗೆ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ.

ಪ್ರಶ್ನೆ: ನಮ್ಮಲ್ಲಿ ಅನಾಟಮಿ ಪ್ರೊಫೆಸರ್ ಒಬ್ಬರನ್ನು ನಿರ್ದೇಶಕರನ್ನಾಗಿ ಮಾಡಿದ್ದಾರೆ. ರೋಗಿಯನ್ನೇ ಮುಟ್ಟದವರು ಆಸ್ಪತ್ರೆ ನಡೆಸುವುದು ಹೇಗೆ? (ಪಿ.ಆರ್., ರಾಯಚೂರು)

ಉತ್ತರ: ನಿಮ್ಮ ಅನುಮಾನ ಹಳೆಯದು, ಆದರೆ ಇತಿಹಾಸ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ದೆಹಲಿಯ ಏಮ್ಸ್ 1956ರಲ್ಲಿ ಶುರುವಾದಾಗ ಮೊದಲ ನಿರ್ದೇಶಕರಾದ ಡಾ. ಬಿ.ಬಿ. ದೀಕ್ಷಿತ್ ಶರೀರಕ್ರಿಯಾಶಾಸ್ತ್ರದವರು, ಅಂದರೆ ಫಿಸಿಯಾಲಜಿ. 1969ರಿಂದ ಒಂದು ದಶಕ ಅದನ್ನು ನಡೆಸಿದ ಡಾ. ವಿ. ರಾಮಲಿಂಗಸ್ವಾಮಿ ಪೆಥಾಲಜಿಯವರು. ಏಮ್ಸ್ ಹೆಸರು ಗಟ್ಟಿಯಾದದ್ದು ಅವರ ಕಾಲದಲ್ಲೇ.

ಅನಾಟಮಿ, ಫಿಸಿಯಾಲಜಿ, ಫೊರೆನ್ಸಿಕ್, ಕಮ್ಯುನಿಟಿ ಮೆಡಿಸಿನ್‌ನವರು ಈ ಹುದ್ದೆಗಳಲ್ಲಿ ಹೆಚ್ಚಾಗಿ ಕಾಣಲು ಎರಡು ಕಾರಣ. ನಿಯಮ ಕೇಳುವುದು ಬೋಧನೆಯ ವರ್ಷಗಳನ್ನು. ಯಾವ ವಿಭಾಗ ಎಂದು ಅದು ನೋಡುವುದಿಲ್ಲ. ಇನ್ನೊಂದು, ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಆಪರೇಷನ್, ಸಂಜೆ ಸ್ವಂತ ಕ್ಲಿನಿಕ್ ಇರುವ ಸರ್ಜನ್ನಿಗೆ ದಿನಕ್ಕೆ ನೂರು ಕಡತ ನೋಡುವ ಹುದ್ದೆ ಬೇಡವಾಗಿರುತ್ತದೆ. ಅನೇಕರು ಬರೆದುಕೊಟ್ಟೇ ತಪ್ಪಿಸಿಕೊಳ್ಳುತ್ತಾರೆ.

ಹಾಗೆಂದು ಕಷ್ಟವೇ ಇಲ್ಲ ಎನ್ನಲಾಗದು. ತುರ್ತು ವಿಭಾಗದ ಗಲಾಟೆ, ಐಸಿಯು ಹಾಸಿಗೆ ಯಾರಿಗೆ ಎಂಬ ಜಗಳ, ಇವು ಅವರಿಗೆ ಹೊಸತು. ಅಂಥ ಕಡೆ ಅಧೀಕ್ಷಕರು ಪಳಗಿದ ಕ್ಲಿನಿಕಲ್ ಮನುಷ್ಯರಾಗಿದ್ದರೆ, ಅಂದರೆ ರೋಗಿಗಳನ್ನು ನೋಡುವ ವಿಭಾಗದವರಾಗಿದ್ದರೆ, ಗಾಡಿ ಓಡುತ್ತದೆ. ಇಬ್ಬರೂ ನಾನ್‌ಕ್ಲಿನಿಕಲ್ ಆದರೆ ಮಾತ್ರ ಚಿಂತಿಸಿ.

ಪ್ರಶ್ನೆ: ನಿಮ್ಹಾನ್ಸ್ ಅಂದರೆ ಮಾನಸಿಕ ಆಸ್ಪತ್ರೆ. ಅಲ್ಲಿ ನ್ಯೂರೋ ಸರ್ಜನ್ ನಿರ್ದೇಶಕರಾಗಿದ್ದರು ಎಂದು ಓದಿದೆ, ನಿಜವೇ? (ಎಂ.ಎಲ್., ತುಮಕೂರು)

ಉತ್ತರ: ನಿಜ. ಒಂದು ಸಂಸ್ಥೆಯ ಮುಖ್ಯಸ್ಥರ ಹಿನ್ನೆಲೆ ನೋಡಿದರೆ ಅದರ ಒಳಗಿನ ಕಥೆಯೇ ತಿಳಿಯುತ್ತದೆ ಎಂಬುದಕ್ಕೆ ನಿಮ್ಹಾನ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗದು.

ಅದರ ಬೇರು ಎರಡು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಒಂದು. ಅದರ ಮಗ್ಗುಲಲ್ಲೇ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇನ್ನೊಂದು. ಮನೋವೈದ್ಯರಾದ ಡಾ. ಎಂ.ವಿ. ಗೋವಿಂದಸ್ವಾಮಿ ಮೊದಲು ಆಸ್ಪತ್ರೆಯ ಅಧೀಕ್ಷಕರಾಗಿದ್ದು, ಆಮೇಲೆ ಹೊಸ ಸಂಸ್ಥೆಗೂ ಮುಖ್ಯಸ್ಥರಾದರು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಹೆಸರನ್ನು ಬಿಡಿಸಿ ಓದಿ: ಮಾನಸಿಕ ಆರೋಗ್ಯ 'ಮತ್ತು' ನರವಿಜ್ಞಾನ. ಆ 'ಮತ್ತು' ಎಂಬುದರಿಂದಲೇ ನ್ಯೂರೋ ಸರ್ಜನ್ ಡಾ. ಆರ್.ಎಂ. ವರ್ಮ ಅದರ ಸ್ಥಾಪಕ ನಿರ್ದೇಶಕರಾದದ್ದು. ಮುಂದೆ ಬಂದ ಡಾ. ಜಿ.ಎನ್. ನಾರಾಯಣ ರೆಡ್ಡಿ ಅವರೂ ನ್ಯೂರೋ ಸರ್ಜನ್. ಆಮೇಲೆ ಮನೋವೈದ್ಯ ಡಾ. ಎಸ್.ಎಂ. ಚನ್ನಬಸವಣ್ಣ. ನಂತರದ ಸಾಲಿನಲ್ಲಿ ನರರೋಗ ತಜ್ಞರಾದ ಡಾ. ಎಂ. ಗೌರಿದೇವಿ, ಡಾ. ಡಿ. ನಾಗರಾಜ, ಡಾ. ಪಿ. ಸತೀಶ್‌ಚಂದ್ರ. ಮತ್ತೆ ಮನೋವೈದ್ಯಶಾಸ್ತ್ರದ ಡಾ. ಬಿ.ಎನ್. ಗಂಗಾಧರ್, ಅವರು ಆಮೇಲೆ ಎನ್‌ಎಂಸಿಗೂ ಅಧ್ಯಕ್ಷರಾದರು. ಅವರ ಬಳಿಕ ಡಾ. ಜಿ. ಗುರುರಾಜ್ ಬಂದರು. ಅವರು ಚಾಕುವನ್ನೂ ಹಿಡಿದವರಲ್ಲ, ಮಂಚದ ಪಕ್ಕ ಕೂತವರೂ ಅಲ್ಲ; ರಸ್ತೆ ಅಪಘಾತ, ಆತ್ಮಹತ್ಯೆ, ಮಾನಸಿಕ ಕಾಯಿಲೆ ಯಾರಿಗೆ ಎಷ್ಟು ಎಂದು ಎಣಿಸುವ ಎಪಿಡೆಮಿಯಾಲಜಿಯವರು. 2021ರಲ್ಲಿ ನೇಮಕವಾದ ಡಾ. ಪ್ರತಿಮಾ ಮೂರ್ತಿ ವ್ಯಸನ ಚಿಕಿತ್ಸೆಯಲ್ಲಿ ಹೆಸರಾದ ಮನೋವೈದ್ಯೆ.

ಇವರಲ್ಲಿ ಬಹುಪಾಲು ಜನ ಅದೇ ಕ್ಯಾಂಪಸ್ಸಿನಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದವರು. ಜಾಗದ ಪರಿಚಯ, ಮಂದಿಯ ಪರಿಚಯ ಇರುತ್ತದೆ, ಅದು ಲಾಭ. ಹಳೆಯ ಸಹೋದ್ಯೋಗಿಗೆ 'ಆಗಲ್ಲ' ಎನ್ನುವುದು ಕಷ್ಟ, ಅದು ನಷ್ಟ.

ಪ್ರಶ್ನೆ: ಹೊರಗಿನವರನ್ನು ತಂದು ಕೂರಿಸುವುದು ಒಳ್ಳೆಯದೋ ಒಳಗಿನವರೋ? (ಕೆ.ಬಿ., ಯಾದಗಿರಿ)

ಉತ್ತರ: ನಿಮ್ಮ ಜಿಲ್ಲೆಯ ಉದಾಹರಣೆಯನ್ನೇ ಕೊಡಬಹುದು. 2022ರಲ್ಲಿ ದೆಹಲಿ ಏಮ್ಸ್ ನಿರ್ದೇಶಕರಾಗಿ ನೇಮಕಗೊಂಡ ಡಾ. ಎಂ. ಶ್ರೀನಿವಾಸ್ ಯಾದಗಿರಿ ಮೂಲದವರು, ಮಕ್ಕಳ ಶಸ್ತ್ರಚಿಕಿತ್ಸಕರು. ಏಮ್ಸ್‌ನಲ್ಲೇ ಪ್ರಾಧ್ಯಾಪಕರಾಗಿದ್ದು, ನಡುವೆ ಹೈದರಾಬಾದಿನ ಇಎಸ್ಐ ಮೆಡಿಕಲ್ ಕಾಲೇಜಿನ ಡೀನ್ ಆಗಿ ಹೋಗಿ, ಅಲ್ಲಿಂದ ಮೇಲಿನ ಕುರ್ಚಿಗೆ ಮರಳಿದವರು. ಒಳಗೆ ಬೆಳೆದು, ಹೊರಗೆ ಹೋಗಿ ಒಂದು ಸಂಸ್ಥೆಯನ್ನು ಪೂರ್ತಿ ನಡೆಸಿ, ವಾಪಸು ಬರುವ ದಾರಿ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾದದ್ದು. ರಾಜ್ಯದ ಕಾಲೇಜುಗಳಲ್ಲಿ ಇದು ಅಪರೂಪ.

ಒಳಗಿನವರೇ ದೀರ್ಘಕಾಲ ಇದ್ದು ಕಟ್ಟಿದ್ದಕ್ಕೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದೆ. ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ 2006ರಿಂದ 2024ರವರೆಗೆ ಅದರ ನಿರ್ದೇಶಕರು, ಅದೇ ವರ್ಷ ಬೆಂಗಳೂರು ಗ್ರಾಮಾಂತರದ ಸಂಸದರು. ಹದಿನೇಳು ವರ್ಷ ಒಂದೇ ಕುರ್ಚಿ ಸಿಗುವುದು ನಮ್ಮಲ್ಲಿ ಬಲು ಅಪರೂಪ, ಅದನ್ನು ಮಾದರಿ ಎಂದು ಹಿಡಿದು ಬೇರೆಯವರನ್ನು ಅಳೆಯುವುದು ನ್ಯಾಯವಲ್ಲ.

ಪ್ರಶ್ನೆ: ಪ್ರಾಂಶುಪಾಲರ (ಡೀನ್) ಕೊಠಡಿಯ ಫಲಕದಲ್ಲಿ ಕೆಲವು ಹೆಸರಿನ ಮುಂದೆ 'ಪ್ರ.' ಎಂದಿದೆ. ಪ್ರೊಫೆಸರ್ ಅಂತಲೇ? (ಓದುಗ, ಮಂಡ್ಯ)

ಉತ್ತರ: ಅಲ್ಲ, ಪ್ರಭಾರ. ಪೂರ್ಣಾವಧಿ ನೇಮಕವಾಗುವವರೆಗೆ ಹುದ್ದೆ ನೋಡಿಕೊಳ್ಳಿ ಎಂದು ಹಿರಿಯರೊಬ್ಬರಿಗೆ ಕೊಟ್ಟ ಜವಾಬ್ದಾರಿ. ಆ ಫಲಕವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಓದಿ. ಮೊದಲ ಹತ್ತು ಹೆಸರುಗಳ ಎದುರು ನಾಲ್ಕು, ಐದು, ಆರು ವರ್ಷ. ಕೆಳಗೆ ಬಂದಂತೆ ಹನ್ನೊಂದು ತಿಂಗಳು, ನಾಲ್ಕು ತಿಂಗಳು, ಒಮ್ಮೊಮ್ಮೆ ಹತ್ತೊಂಬತ್ತು ದಿನ. ಅಕ್ಷರ ಬರೆಯುವವನಿಗೆ ಜಾಗ ಸಾಲದೆ ಎರಡನೇ ಫಲಕ ತಗುಲಿಸಿರುತ್ತಾರೆ. ಪ್ರಭಾರದಲ್ಲಿರುವವರು ಸಂಬಳದ ಬಿಲ್ಲಿಗೆ ಸಹಿ ಹಾಕುತ್ತಾರೆ, ರಜೆ ಕೊಡುತ್ತಾರೆ. ದೊಡ್ಡ ಯಂತ್ರದ ಖರೀದಿ, ಹೊಸ ವಿಭಾಗ, ಗುತ್ತಿಗೆ ರದ್ದು ಮುಂತಾದವಕ್ಕೆ ಕೈಹಾಕುವುದಿಲ್ಲ, ಹಾಕಿದರೆ ಮುಂದೆ ಆಡಿಟ್‌ನಲ್ಲಿ ಅವರ ಹೆಸರೇ ಬರುತ್ತದೆ. ಕಡತ 'ಪೂರ್ಣಾವಧಿ ನಿರ್ದೇಶಕರ ಆಗಮನಾನಂತರ ಮಂಡಿಸುವುದು' ಎಂಬ ಟಿಪ್ಪಣಿ ಹೊತ್ತು ಕೂರುತ್ತದೆ.

ಪ್ರಶ್ನೆ: ಆಸ್ಪತ್ರೆ ನಡೆಸುವುದಕ್ಕೆ ನಿಜಕ್ಕೂ ಬೇಕಾದ ಅನುಭವ ಯಾವುದು? ಒಳ್ಳೆಯ ಸರ್ಜನ್ ಒಳ್ಳೆಯ ಅಧೀಕ್ಷಕ ಆಗುವುದಿಲ್ಲ ಎನ್ನುತ್ತಾರಲ್ಲ, ಯಾಕೆ? (ಡಿ.ಎನ್., ದಾವಣಗೆರೆ; ಜಿ.ಎಸ್., ಬೀದರ್)

ಉತ್ತರ: ನಿಯಮ ಬೋಧನೆಯ ವರ್ಷ ಎಣಿಸುತ್ತದೆ, ಹುದ್ದೆಗೆ ಬಂದ ಮೇಲೆ ಮಾಡಬೇಕಾದ್ದು ಉಗ್ರಾಣದ ಕೆಲಸ. ಕೊರತೆ ಇರುವುದು ಅಲ್ಲಿ. 150 ಎಂಬಿಬಿಎಸ್ ಸೀಟಿನ ಕಾಲೇಜಿಗೆ ಕನಿಷ್ಠ 605 ಹಾಸಿಗೆಯ ಆಸ್ಪತ್ರೆ ಇರಬೇಕು. ಆರುನೂರು ಹಾಸಿಗೆಗೆ ಹೊದಿಕೆ, ಊಟ, ಹೊಲಿಗೆ ದಾರ, ಆಮ್ಲಜನಕ, ರಕ್ತಪರೀಕ್ಷೆಯ ರಾಸಾಯನಿಕ ದಿನವೂ ಬೇಕು. ಆಸ್ಪತ್ರೆ ಆಡಳಿತದ ಎಂಡಿ ಬಿಟ್ಟರೆ, ಇವುಗಳ ಬಗ್ಗೆ ಎಂಡಿ, ಎಂಎಸ್ ಓದಿನಲ್ಲಿ ಒಂದು ಪಾಠವೂ ಇಲ್ಲ.

ಒಂದೆರಡು ಜಾಗ ಹತ್ತಿರದಿಂದ ನೋಡಿ. ವಾರ್ಷಿಕ ಔಷಧ ಬೇಡಿಕೆ ಪಟ್ಟಿ, ಅಂದರೆ ಇಂಡೆಂಟ್, ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ ಹೋಗುತ್ತದೆ. ಗುಮಾಸ್ತರು ಹೋದ ವರ್ಷ ಖರ್ಚಾದಷ್ಟಕ್ಕೆ ಒಂದಿಷ್ಟು ಸೇರಿಸಿ ತಯಾರು ಮಾಡಿ ಸಹಿಗೆ ತರುತ್ತಾರೆ. ಹೊಸ ಅಧೀಕ್ಷಕರು ಸಹಿ ಹಾಕುತ್ತಾರೆ. ಪಳಗಿದವರು ಒಂದು ಪ್ರಶ್ನೆ ಕೇಳುತ್ತಾರೆ: ಈ ಔಷಧ ಹೋದ ವರ್ಷ ಎಷ್ಟು ದಿನ ದಾಸ್ತಾನಿನಲ್ಲಿ ಇರಲಿಲ್ಲ? ನಾಲ್ಕು ತಿಂಗಳು ಖಾಲಿ ಇದ್ದ ಔಷಧದ ಖರ್ಚು ಸಹಜವಾಗಿಯೇ ಕಡಿಮೆ ಕಾಣುತ್ತದೆ. ಆ ಕಡಿಮೆ ಅಂಕಿಯ ಮೇಲೆ ಈ ವರ್ಷದ ಬೇಡಿಕೆ ಹೋದರೆ ಮುಂದಿನ ವರ್ಷವೂ ನಾಲ್ಕು ತಿಂಗಳು ಖಾಲಿ. ಖರ್ಚನ್ನು ಹನ್ನೆರಡರಿಂದ ಭಾಗಿಸಬಾರದು, ಔಷಧ ಇದ್ದ ತಿಂಗಳುಗಳಿಂದ ಭಾಗಿಸಿ ಆಮೇಲೆ ಹನ್ನೆರಡರಿಂದ ಗುಣಿಸಬೇಕು. ಎಂಟು ತಿಂಗಳಲ್ಲಿ 16,000 ಬಾಟಲಿ ಖರ್ಚಾಗಿದ್ದರೆ ವರ್ಷಕ್ಕೆ ಬೇಕಾದದ್ದು 24,000, ಗುಮಾಸ್ತರು ಬರೆದ 17,600 ಅಲ್ಲ.

ಇನ್ನು ಯಂತ್ರ. ದೊಡ್ಡ ಯಂತ್ರ ಕೊಳ್ಳುವಾಗ ಟೆಂಡರ್‌ನಲ್ಲಿ ಬೆಲೆ, ವಾರಂಟಿ ನೋಡಿ ಸುಮ್ಮನಾದರೆ ವಾರಂಟಿ ಮುಗಿದ ದಿನ ಕಂಪನಿ ಹೇಳಿದ್ದೇ ನಿರ್ವಹಣಾ ದರ. ಆಗ ಕಡತ ಹಣಕಾಸಿಗೆ ಹೋಗಿ 'ಇಷ್ಟೇಕೆ' ಎಂಬ ಆಕ್ಷೇಪಣೆ ಹೊತ್ತು ಬರುತ್ತದೆ, ಯಂತ್ರ ಬಟ್ಟೆ ಹೊದ್ದು ಮಲಗುತ್ತದೆ. ಖರೀದಿ ಸಮಿತಿಯಲ್ಲಿ ಕೂತು ಅನುಭವ ಇದ್ದವರು ವಾರಂಟಿ ನಂತರದ ವರ್ಷಗಳ ಸಮಗ್ರ ನಿರ್ವಹಣಾ ದರವನ್ನೂ ಮೊದಲ ಟೆಂಡರ್‌ನಲ್ಲೇ ಬರೆಸಿಕೊಂಡು, ಎರಡೂ ಕೂಡಿಸಿದ ಮೊತ್ತದ ಮೇಲೆ ಯಾರು ಅಗ್ಗ ಎಂದು ತೀರ್ಮಾನಿಸುತ್ತಾರೆ. ರಕ್ತಪರೀಕ್ಷಾ ಯಂತ್ರದಲ್ಲಿ ಇನ್ನೊಂದು ಗಾಳ ಇದೆ. ಯಂತ್ರ ಅಗ್ಗ, ಕೆಲವೊಮ್ಮೆ ಪುಕ್ಕಟೆ. ಆದರೆ ಆ ಕಂಪನಿಯ ರಾಸಾಯನಿಕ ಬಿಟ್ಟು ಬೇರೆಯದು ಅದರಲ್ಲಿ ನಡೆಯದು. ಒಂದು ಪರೀಕ್ಷೆಗೆ ಎಷ್ಟು ಬೀಳುತ್ತದೆ ಎಂಬುದನ್ನು ಕೇಳದವರು ಐದು ವರ್ಷ ಸಿಕ್ಕಿಬೀಳುತ್ತಾರೆ.

ಮೂರನೆಯದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಹಣ. ಚಿಕಿತ್ಸೆ ಕೊಟ್ಟಿರುತ್ತಾರೆ, ಪೂರ್ವಾನುಮತಿ ತಡವಾಗಿರುತ್ತದೆ ಅಥವಾ ಡಿಸ್ಚಾರ್ಜ್ ಸಾರಾಂಶಕ್ಕೆ ಸಹಿ ಇರುವುದಿಲ್ಲ. ಕ್ಲೇಮು ವಾಪಸು. ಇದನ್ನು ವಾರಕ್ಕೊಮ್ಮೆ ವಿಭಾಗವಾರು ಪಟ್ಟಿ ಮಾಡಿಸಿ ಘಟಕದ ಮುಖ್ಯಸ್ಥರಿಗೆ ತೋರಿಸುವ ಅಧೀಕ್ಷಕರ ಆಸ್ಪತ್ರೆಯಲ್ಲಿ ದುಡ್ಡು ಬರುತ್ತದೆ, ಉಳಿದ ಕಡೆ 'ಅನುದಾನ ಇಲ್ಲ' ಎಂಬ ಹಾಡು.

ಹಾಗಾಗಿ ಹೊಸ ಅಧೀಕ್ಷಕರ ಪರಿಚಯ ಪತ್ರ ಓದುವಾಗ ಚಿನ್ನದ ಪದಕ ಆಮೇಲೆ ನೋಡಿ. ಉಪ ಅಧೀಕ್ಷಕರಾಗಿ ಎಷ್ಟು ವರ್ಷ? ಖರೀದಿ ಅಥವಾ ಔಷಧ ಸಮಿತಿಯಲ್ಲಿ ಇದ್ದರೇ? ರಕ್ತನಿಧಿ, ತುರ್ತು ವಿಭಾಗ, ಸೋಂಕು ನಿಯಂತ್ರಣ, ಯಾವುದಾದರೂ ಒಂದನ್ನು ಹೊಣೆ ಹೊತ್ತು ನಡೆಸಿದ್ದಾರೆಯೇ? ಅರಿವಳಿಕೆ ತಜ್ಞರು ಈ ಕೆಲಸದಲ್ಲಿ ಚೆನ್ನಾಗಿ ಹೊಂದುವುದನ್ನು ನಾವು ಗಮನಿಸಿದ್ದೇವೆ. ಅವರಿಗೆ ಎಲ್ಲ ಶಸ್ತ್ರಚಿಕಿತ್ಸಾ ವಿಭಾಗಗಳ ಒಳಗುಟ್ಟೂ ಗೊತ್ತು, ಸ್ವಂತ ವಾರ್ಡು ಇಲ್ಲದ್ದರಿಂದ ಪಕ್ಷಪಾತವೂ ಕಡಿಮೆ.

ಪ್ರಶ್ನೆ: ಮಗ ಬಿಎಸ್ಸಿ ಮುಗಿಸಿ ಆಸ್ಪತ್ರೆ ಆಡಳಿತದಲ್ಲಿ ಎಂಎಚ್ಎ ಮಾಡುತ್ತಿದ್ದಾನೆ. ಮೆಡಿಕಲ್ ಸೂಪರಿಂಟೆಂಡೆಂಟ್ ಆಗಬಹುದೇ? (ಆರ್.ವಿ., ಮೈಸೂರು)

ಉತ್ತರ: ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಆಗದು. ಆ ಹುದ್ದೆಗೆ ಸ್ನಾತಕೋತ್ತರ ವೈದ್ಯ ಪದವಿ ಬೇಕು. ಒಂದೇ ಹೆಸರಿನಲ್ಲಿ ಎರಡು ಓದು ಇರುವುದರಿಂದ ಗೊಂದಲ. ಎಂಬಿಬಿಎಸ್ ಆದವರು ಮೂರು ವರ್ಷ ಮಾಡುವ ಎಂಡಿ, ಆಸ್ಪತ್ರೆ ಆಡಳಿತ ಎಂಬುದೇ ಬೇರೆ. ಏಮ್ಸ್‌ನಲ್ಲಿ ಆ ವಿಷಯದ ಓದು 1960ರ ದಶಕದಲ್ಲೇ ಶುರುವಾಗಿತ್ತು. ಯಾವ ಪದವೀಧರರೂ ಎರಡು ವರ್ಷದಲ್ಲಿ ಮುಗಿಸುವ ಎಂಎಚ್ಎ ಬೇರೆ. ನಿಮ್ಮ ಮಗನಿಗೆ ಆಪರೇಷನ್ಸ್, ಗುಣಮಟ್ಟ, ಬಿಲ್ಲಿಂಗ್, ವಿಮೆ ವಿಭಾಗಗಳ ದಾರಿ ತೆರೆದಿದೆ. ಖಾಸಗಿ ಬೋಧನಾ ಆಸ್ಪತ್ರೆಗಳಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿವರೆಗೂ ಏರಬಹುದು. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್ಎಬಿಎಚ್ ಮಾನ್ಯತೆಯ ಕೆಲಸ ಕೈಯಾರೆ ಮಾಡಿದವರಿಗೆ ಬೇಡಿಕೆ ಚೆನ್ನಾಗಿದೆ, ಇಂಟರ್ನ್‌ಶಿಪ್ಪನ್ನು ಆ ವಿಭಾಗದಲ್ಲೇ ಮಾಡಲಿ.

ಪ್ರಶ್ನೆ: ನಿವೃತ್ತರನ್ನೇ ಖಾಸಗಿ ಕಾಲೇಜುಗಳು ಡೀನ್ ಮಾಡುವುದೇಕೆ? ಮಿಲಿಟರಿ ಡಾಕ್ಟರುಗಳೂ ಬಹಳ ಕಾಣುತ್ತಾರೆ. (ಟಿ.ಎ., ಮಂಗಳೂರು)

ಉತ್ತರ: ರಾಜ್ಯ ಸರ್ಕಾರಿ ನೌಕರಿಯಲ್ಲಿ ನಿವೃತ್ತಿ 60ಕ್ಕೆ, ವೈದ್ಯ ಅಧ್ಯಾಪಕರಾಗಿ 70ರವರೆಗೂ ಕೆಲಸ ಮಾಡಬಹುದು. ನಡುವಿನ ಹತ್ತು ವರ್ಷ ಖಾಸಗಿಯವರ ಫಸಲು. ಆ ವಯಸ್ಸಿಗೆ ಹತ್ತು ವರ್ಷದ ಅರ್ಹತೆ ತುಂಬಿರುತ್ತದೆ, ವಿಶ್ವವಿದ್ಯಾಲಯ, ಇಲಾಖೆಗಳಲ್ಲಿ ಮುಖಪರಿಚಯವೂ ಇರುತ್ತದೆ.

ಸೇನೆಯವರ ಕಾರಣ ಬೇರೆ. ಅಲ್ಲಿ ಚಿಕ್ಕ ಆಸ್ಪತ್ರೆಯಿಂದ ದೊಡ್ಡದಕ್ಕೆ ಹಂತಹಂತವಾಗಿ ಅಧಿಪತ್ಯ ಕೊಡುತ್ತಾರೆ. ಉಗ್ರಾಣ, ಆಂಬುಲೆನ್ಸ್, ವಿಪತ್ತು ಯೋಜನೆ ಎಲ್ಲ ಮೂವತ್ತೈದನೇ ವಯಸ್ಸಿಗೇ ಕೈಗೆ ಬಂದಿರುತ್ತದೆ. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದ್ದರೆ ಬೋಧನೆಯ ವರ್ಷಗಳೂ ಸಿಗುತ್ತವೆ. 2020ರಲ್ಲಿ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಂ.ಡಿ. ವೆಂಕಟೇಶ್ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿದ್ದವರು. ತೊಡಕಾಗುವುದು ಒಂದೇ ಕಡೆ: ಆದೇಶ ಹೊರಡಿಸಿದರೆ ಸಾಕು ಎಂಬ ಅಭ್ಯಾಸ. ರೋಗಿಯ ಕಡೆಯ ಇಪ್ಪತ್ತು ಜನ ಬಾಗಿಲಲ್ಲಿ ನಿಂತಾಗ ಆದೇಶ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಜಿಲ್ಲಾಸ್ಪತ್ರೆಯಲ್ಲಿ ಹನ್ನೆರಡು ವರ್ಷದಿಂದ ತಜ್ಞವೈದ್ಯೆ. ಪಾಠ ಮಾಡಿಲ್ಲ. ನಮಗೆ ಈ ದಾರಿ ಮುಚ್ಚಿದೆಯೇ? (ಹೆಸರು ಬೇಡ, ಕೊಪ್ಪಳ)

ಉತ್ತರ: ಮುಚ್ಚಿತ್ತು, ಎನ್‌ಎಂಸಿಯ 2025ರ ನಿಯಮ ಬಾಗಿಲು ತೆರೆದಿದೆ. 220ಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ಪದವಿಯೊಂದಿಗೆ ಹತ್ತು ವರ್ಷ ಅನುಭವ ಇರುವವರು ಸಹ ಪ್ರಾಧ್ಯಾಪಕ ಹುದ್ದೆಗೆ ಅರ್ಹರು. ಎರಡು ವರ್ಷದ ಅನುಭವಕ್ಕೆ ಸಹಾಯಕ ಪ್ರಾಧ್ಯಾಪಕ ಹುದ್ದೆ, ಆದರೆ ಸಂಶೋಧನೆಯ ಮೂಲ ಕೋರ್ಸನ್ನು ಎರಡು ವರ್ಷದೊಳಗೆ ಮುಗಿಸಬೇಕು. ಆಸ್ಪತ್ರೆಯ ಮಂಜೂರಾದ ಹಾಸಿಗೆ ಸಂಖ್ಯೆಯ ಆದೇಶದ ಪ್ರತಿಯನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಕೇಳುವುದು ಅದನ್ನೇ. ಸಹ ಪ್ರಾಧ್ಯಾಪಕಿಯಾದ ದಿನದಿಂದ ಡೀನ್ ಹುದ್ದೆಯ ಹತ್ತು ವರ್ಷ ಎಣಿಕೆ ಶುರು.

ಪ್ರಶ್ನೆ: ನರ್ಸಿಂಗ್‌ನಿಂದ ಬಂದವರು ಆಸ್ಪತ್ರೆಯ ಮುಖ್ಯಸ್ಥರಾದದ್ದುಂಟೆ? (ಎಲ್.ಎಸ್., ಧಾರವಾಡ)

ಉತ್ತರ: ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ಆ ಸಾಲು ನರ್ಸಿಂಗ್ ಅಧೀಕ್ಷಕರ ಹುದ್ದೆಗೆ ನಿಲ್ಲುತ್ತದೆ. ಮೂವತ್ತು ವರ್ಷ ವಾರ್ಡು ಕಂಡವರು ಅವರು. ಯಾವ ವಾರ್ಡಿನಲ್ಲಿ ಯಾವ ನಲ್ಲಿ ಸೋರುತ್ತದೆ ಎಂಬುದೂ ಅವರಿಗೆ ಗೊತ್ತು, ನಿರ್ದೇಶಕರ ಸಭೆಯಲ್ಲಿ ಮಾತ್ರ ಕೊನೆಯ ಕುರ್ಚಿ. ಇದು ಸರಿಯಲ್ಲ ಎಂಬುದೇ ನಮ್ಮ ಅಭಿಪ್ರಾಯ. ಮಹಿಳಾ ವೈದ್ಯರು ಮುಖ್ಯಸ್ಥರಾಗಿರುವುದು ಹೊಸದಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ (ಸಿಎಂಸಿ) ಮೊದಲ ಭಾರತೀಯ ನಿರ್ದೇಶಕರಾದವರು ಪ್ರಸೂತಿ ತಜ್ಞೆ ಡಾ. ಹಿಲ್ಡಾ ಲಾಜರಸ್, ಅದೂ 1940ರ ದಶಕದ ಕೊನೆಯಲ್ಲಿ.

ಪ್ರಶ್ನೆ: ಹೆಸರಿನ ಮುಂದೆ ಒಂದು ಸಾಲು ಅಕ್ಷರಗಳಿರುತ್ತವೆ. ಯಾವುದು ಪದವಿ, ಯಾವುದು ಅಲಂಕಾರ? ಖಚಿತಪಡಿಸಿಕೊಳ್ಳುವುದು ಹೇಗೆ? (ಎನ್.ಪಿ., ಬೆಂಗಳೂರು)

ಉತ್ತರ: ಎಂಡಿ, ಎಂಎಸ್, ಡಿಎನ್‌ಬಿ, ಡಿಎಂ, ಎಂಸಿಎಚ್ ಓದಿ ಪರೀಕ್ಷೆ ಬರೆದು ಪಡೆದವು. ಎಂಆರ್‌ಸಿಪಿ ಬ್ರಿಟನ್ನಿನ ಪರೀಕ್ಷೆ, ಎಫ್ಆರ್‌ಸಿಪಿ ಮಾತ್ರ ಆಯ್ಕೆ ಮಾಡಿ ಕೊಡುವ ಗೌರವ. 'ಎಫ್'ನಿಂದ ಶುರುವಾಗುವ ಉಳಿದವುಗಳಲ್ಲಿ ಎಷ್ಟೋ ಸಂಘದ ಸದಸ್ಯತ್ವಗಳು. ರಷ್ಯಾದ ಎಂಡಿ ಕಂಡರೆ ಎಚ್ಚರ, ಅದು ನಮ್ಮ ಎಂಬಿಬಿಎಸ್‌ಗೆ ಸಮ, ಸ್ನಾತಕೋತ್ತರ ಅಲ್ಲ. ವೈದ್ಯಕೀಯ ಕಾನೂನು ಡಿಪ್ಲೊಮಾ ಕಂಡರೆ ಅಧೀಕ್ಷಕರ ಮಟ್ಟಿಗೆ ಅದು ಉಪಯೋಗದ ಓದು.

ಪರಿಶೀಲಿಸಲು ಮೊದಲು ಎನ್‌ಎಂಸಿ ಜಾಲತಾಣದ ಭಾರತೀಯ ವೈದ್ಯ ನೋಂದಣಿ ಪಟ್ಟಿಯಲ್ಲಿ ಹೆಸರು, ರಾಜ್ಯ ಪರಿಷತ್ತು, ನೋಂದಣಿ ಸಂಖ್ಯೆ ಹಾಕಿ. ಎಂಬಿಬಿಎಸ್ ಮಾತ್ರ ಕಂಡರೆ ಗಾಬರಿಯಾಗಬೇಡಿ, ಹೆಚ್ಚುವರಿ ಪದವಿ ಸೇರಿಸಲು ಅನೇಕರು ಮರೆಯುತ್ತಾರೆ; ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಕೇಳಿ. ಡೀನ್, ಅಧೀಕ್ಷಕರು, ಅಧ್ಯಾಪಕರ ವಿವರವನ್ನು ಕಾಲೇಜಿನ ಜಾಲತಾಣದಲ್ಲಿ ಹಾಕುವುದು ಕಡ್ಡಾಯ. ಸರ್ಕಾರಿ ಸಂಸ್ಥೆಯಾದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. 'ಸ್ವವಿವರ ಕೊಡಿ' ಎಂದು ಬರೆದರೆ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ. 'ನೇಮಕಾತಿ ಅಧಿಸೂಚನೆ, ನಿಗದಿಪಡಿಸಿದ ಅರ್ಹತೆ, ಆಯ್ಕೆ ಸಮಿತಿಯ ನಡಾವಳಿ ಮತ್ತು ನೇಮಕಾತಿ ಆದೇಶದ ದೃಢೀಕೃತ ಪ್ರತಿ' ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಕಳಿಸಿ. ಮೊದಲ ಅರ್ಜಿಯ ಅಂಚೆ ರಸೀದಿ ಜೋಪಾನ.